ಮಾಲ್ಡೀವ್ಸ್ ಸೆಕೆಯಲ್ಲಿ ನನ್ನ ಆಕ್ಸಿಜನ್ ಸೆನ್ಸರ್

ನೇತ್ರಾಣಿಯಲ್ಲಿ ಡೈವಿಂಗ್ ಕಲಿತವನು ನಾನು. ಮಳೆಗಾಲ ಬಂತೆಂದರೆ ಅಲ್ಲಿ ಕೆಲಸ ನಿಲ್ಲುತ್ತದೆ, ಹಾಗಾಗಿ ಮಾಲ್ಡೀವ್ಸಿಗೆ ಬಂದೆ. ಇಲ್ಲಿ ದಿನಕ್ಕೆ ಮೂವತ್ತು ನಲವತ್ತು ನೈಟ್ರಾಕ್ಸ್ (ಮಾಮೂಲಿಗಿಂತ ಹೆಚ್ಚು ಆಕ್ಸಿಜನ್ ಇರುವ ಗಾಳಿ) ಸಿಲಿಂಡರುಗಳಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅಳೆಯುವುದು ನನ್ನ ಪಾಲಿನ ಕೆಲಸ.

ಮೊದಲ ಸೆನ್ಸರ್ ಒಂಬತ್ತೇ ತಿಂಗಳಿಗೆ ಸತ್ತಿತು. ಕಳಪೆ ಮಾಲು ಅಂದುಕೊಂಡೆ. ತಪ್ಪು ನನ್ನದೇ. ಸೆನ್ಸರ್ ಕೂರುವ ಅಳತೆಯ ಯಂತ್ರ ಅನಲೈಸರನ್ನು ಕಂಪ್ರೆಸರ್ ರೂಮಿನ ಗೋಡೆಗೆ ನೇತುಹಾಕಿದ್ದೆ. ಆ ಕೋಣೆಯಲ್ಲಿ ಮಧ್ಯಾಹ್ನ ಐದು ನಿಮಿಷ ನಿಂತರೆ ಅಂಗಿ ಹಿಂಡಬೇಕು.

ಎರಡನೆಯದನ್ನು ತಂಪಾಗಿಡೋಣ ಎಂದು ಅಡುಗೆಮನೆಯ ಫ್ರಿಜ್ಜಿಗೆ ಒಯ್ದೆ. ಅಲ್ಲಿರುವ ಕುಂದಾಪುರದ ಅಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೆಂತ ಮಾರಾಯ, ಬ್ಯಾಟರಿಯಾ?" ಎಂದರು. ನಕ್ಕುಬಿಟ್ಟೆ. ಆದರೆ ಅವರು ಹೇಳಿದ್ದೇ ಸರಿ. ಒಳಗೆ ಸೀಸ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ, ಮುಖಕ್ಕೆ ತೆಳು ಟೆಫ್ಲಾನ್ ಪೊರೆ. ಪೊರೆ ದಾಟಿ ಬಂದ ಆಕ್ಸಿಜನ್ ಸೀಸವನ್ನು ತಿನ್ನುತ್ತದೆ, ಅದರಿಂದ ಹುಟ್ಟುವ ಮಿಲಿವೋಲ್ಟನ್ನೇ ನಾವು ಅಳೆಯುವುದು. ಇದಕ್ಕೆ ಸ್ವಿಚ್ ಇಲ್ಲ. ಡಬ್ಬಿಯಲ್ಲಿ ಸುಮ್ನೆ ಕೂತಿದ್ದರೂ ಸವೆಯುತ್ತಲೇ ಇರುತ್ತದೆ. ಸೆಕೆಯಲ್ಲಿ ಇನ್ನೂ ಬೇಗ, ಜೊತೆಗೆ ಒಳಗಿನ ನೀರೂ ಆರುತ್ತದೆ.

ಫ್ರಿಜ್ ಪ್ರಯೋಗ ಹೆಚ್ಚು ದಿನ ನಡೆಯಲಿಲ್ಲ. ಒಂದು ದಿನ ಜಾಗ ಸಾಲದೆ ಯಾರೋ ಅದನ್ನು ಫ್ರೀಜರಿನಲ್ಲಿ ಮೀನಿನ ಪಕ್ಕ ಇಟ್ಟಿದ್ದರು! ಹೆಪ್ಪುಗಟ್ಟಿದರೆ ಸೆನ್ಸರ್ ಒಡೆದು ಸೋರಬಹುದು, ಹಾಗಾಗಿ ಮತ್ತೆ ಅದನ್ನು ನಂಬಲಿಲ್ಲ. ಮುಂದಿನದನ್ನು ರಜೆಗೆ ಹೋಗುವಾಗ ಜಿಪ್ ಕವರಿನಲ್ಲಿ ಗಾಳಿ ಹಿಂಡಿ ಮುಚ್ಚಿಟ್ಟೆ. ಆಕ್ಸಿಜನ್ ಸಿಗದಿದ್ದರೆ ಸವೆಯುವುದಿಲ್ಲ ಎಂಬ ಲೆಕ್ಕ. ತಿಂಗಳ ನಂತರ ತೆಗೆದರೆ ರೀಡಿಂಗ್ ಅರ್ಧ ದಿನ ಒಂದು ಕಡೆ ನಿಲ್ಲಲಿಲ್ಲ. ಇದರಿಂದ ಉಳಿತಾಯವಾದದ್ದು ನಾಲ್ಕಾರು ವಾರದ ಆಯುಷ್ಯ ಇರಬಹುದು, ಅದಕ್ಕೆ ಇಷ್ಟು ರಗಳೆ ಯಾಕೆ? ಈಗ ಎಸಿ ಇರುವ ಆಫೀಸಿನ ಡ್ರಾಯರಿನಲ್ಲಿ, ಪೊರೆಯ ಮುಖ ಕೆಳಗೆ ಮಾಡಿ ಇಡುತ್ತೇನೆ. ಅಷ್ಟೇ.

ಇಡುವುದಕ್ಕಿಂತ ಜಾಸ್ತಿ ಕಾಡಿದ್ದು ಕ್ಯಾಲಿಬ್ರೇಷನ್, ಅಂದರೆ ಗೊತ್ತಿರುವ ಗಾಳಿಗೆ ಹಿಡಿದು ರೀಡಿಂಗ್ ಹೊಂದಿಸುವುದು. ಒಂದು ವಾರ ಶೇ. 32ರ ಸಿಲಿಂಡರುಗಳೆಲ್ಲ 33 ತೋರಿಸಿದವು. ನೈಟ್ರಾಕ್ಸ್ ಮಾಡುವ ಮಿಷಿನ್ನನ್ನು ಬಿಚ್ಚಿ ಜೋಡಿಸಿದ್ದಾಯಿತು, ಏನೂ ಸಿಗಲಿಲ್ಲ. ಕೊನೆಗೆ ಗೊತ್ತಾಯಿತು, ನಾವು ಹೊರಗಿನ ಗಾಳಿಗೆ ಹಿಡಿದು 20.9 ಎಂದು ಹೊಂದಿಸುತ್ತಿದ್ದೆವು. 30 ಡಿಗ್ರಿ ಸೆಕೆ, ಶೇ. 80 ತೇವ ಇರುವ ಗಾಳಿಯಲ್ಲಿ ನೀರಾವಿಯೇ ಶೇ. 3ಕ್ಕೂ ಹೆಚ್ಚು. ಆಕ್ಸಿಜನ್ ಇರುವುದು ಬರೀ 20.2. ಸಿಲಿಂಡರಿನ ಒಣ ಗಾಳಿಯಿಂದ ಹೊಂದಿಸಿದ ಕೂಡಲೇ 32 ಬಂತು. ಅಂದಿನಿಂದ ಒಂದು ಮಾಮೂಲಿ ಗಾಳಿಯ ಸಿಲಿಂಡರ್ ಇದಕ್ಕೆಂದೇ ಮೀಸಲು. ಗಾಳಿ ಬಿಡುವುದು ನಿಮಿಷಕ್ಕೆ ಒಂದೆರಡು ಲೀಟರ್ ಮಾತ್ರ. ರಭಸವಾಗಿ ಬಿಟ್ಟರೆ ಒತ್ತಡ ಏರಿ ರೀಡಿಂಗೂ ಏರುತ್ತದೆ.

ಆಳಕ್ಕೆ ಹೋದಂತೆ ಹೆಚ್ಚು ಆಕ್ಸಿಜನ್ ವಿಷವಾಗುತ್ತದೆ. ಜಾಸ್ತಿ ತೋರಿಸಿದರೆ ಆ ಅಪಾಯ ಇಲ್ಲ, ಡೈವರ್ ಮಿತಿಗಿಂತ ಮೇಲೆಯೇ ನಿಲ್ಲುತ್ತಾನೆ; ಆದರೆ ಅವನ ನೈಟ್ರೋಜನ್ ಲೆಕ್ಕ ತಪ್ಪುತ್ತದೆ. ಹೆಚ್ಚಿನ ಭಯ ಇರುವುದು ಕಡಿಮೆ ತೋರಿಸುವ ಸೆನ್ಸರಿನದು. ಶೇ. 36 ಇದ್ದದ್ದನ್ನು 32 ಎಂದರೆ, ಆಕ್ಸಿಜನ್ ಒತ್ತಡಕ್ಕಿರುವ 1.4 ಬಾರ್ ಮಿತಿಯಲ್ಲಿ 28 ಮೀಟರಿಗೆ ನಿಲ್ಲಬೇಕಾದವನು 33ಕ್ಕೆ ಲೆಕ್ಕ ಹಾಕುತ್ತಾನೆ. ಇಲ್ಲಿ 30 ಮೀಟರಿನ ಕಾನೂನು ಇದೆ ಅನ್ನೋದು ಒಂದು ಸಮಾಧಾನ. ಪೊರೆಯ ಮೇಲೆ ನೀರ ಹನಿ ಕೂತರೂ ರೀಡಿಂಗ್ ಇಳಿಯುತ್ತದೆ. ಒದ್ದೆ ಕೈಯಲ್ಲಿ ಮುಟ್ಟಬೇಡಿ ಎಂದು ಹುಡುಗರಿಗೆ ಬೈಯುವುದು ಅದಕ್ಕೇ. ಹನಿ ಬಿದ್ದರೆ ಬಟ್ಟೆಯಿಂದ ಉಜ್ಜುವುದಿಲ್ಲ, ಮೆಲ್ಲಗೆ ಒದರಿ ಫ್ಯಾನ್ ಕೆಳಗೆ ಇಡುತ್ತೇವೆ.

ತಿಂಗಳಿಗೊಮ್ಮೆ ಶುದ್ಧ ಆಕ್ಸಿಜನ್ ಹಾಯಿಸಿ ನೋಡುತ್ತೇನೆ. ಗಾಳಿಯಲ್ಲಿ 11 ಮಿಲಿವೋಲ್ಟ್ ಬಂದರೆ ಆಕ್ಸಿಜನ್‌ನಲ್ಲಿ 52ರ ಮೇಲೆ ಬರಬೇಕು. ಹೋದ ವರ್ಷ ಒಂದು 46ಕ್ಕೇ ನಿಂತುಬಿಟ್ಟಿತು. ಗಾಳಿಯಲ್ಲಿ ಮಾತ್ರ ಚೆನ್ನಾಗಿಯೇ ತೋರಿಸುತ್ತಿತ್ತು! ನೈಟ್ರಾಕ್ಸಿಗೆ ಇನ್ನೂ ನಡೆಯುತ್ತದೆ ಎಂದು ಜೊತೆಗಿದ್ದವರು ವಾದ ಮಾಡಿದರು. ನಾನು ಕೇಳಲಿಲ್ಲ, ತೆಗೆದೆ.

ಸ್ಪೇರ್ ಅಂತ ಎರಡು ಮೂರು ತಂದಿಡುವುದನ್ನೂ ಬಿಟ್ಟಿದ್ದೇನೆ. ಆಯುಷ್ಯ ಲೆಕ್ಕಕ್ಕೆ ಬರುವುದು ತಯಾರಾದ ದಿನದಿಂದ, ಹಾಗಾಗಿ ಆ ತಾರೀಕನ್ನು ಮಾರ್ಕರಿನಲ್ಲಿ ದಪ್ಪಗೆ ಬರೆಯುತ್ತೇನೆ. ಹಳೆಯದರಲ್ಲಿ ಜಾರುವ ಪಸೆ ಕಂಡರೆ ಬರಿಗೈಯಲ್ಲಿ ಮುಟ್ಟುವುದಿಲ್ಲ, ಅದು ಚರ್ಮ ಸುಡುವ ಕ್ಷಾರ. ಗ್ಲೌಸ್ ಹಾಕಿ ಡಬ್ಬಿಗೆ ತುಂಬಿ, ಹಳೆ ಬ್ಯಾಟರಿಗಳ ಜೊತೆ ದೋಣಿಯಲ್ಲಿ ರಾಜಧಾನಿ ಮಾಲೆಗೆ ಕಳಿಸುತ್ತೇನೆ.