ಇನ್ವರ್ಟರ್ ಕೋಣೆ ಕಾಯದಂತೆ ನೋಡಿಕೊಳ್ಳುವುದು ಹೇಗೆ?

ಕಲಬುರಗಿಯ ಬೇಸಿಗೆಯ ಮುಂದೆ ಕಾರವಾರದ ಬಿಸಿಲು ಏನೇನೂ ಅಲ್ಲ. ಆದರೂ ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಏಪ್ರಿಲ್ ಬಂತೆಂದರೆ ಮಟಮಟ ಮಧ್ಯಾಹ್ನ ಸೋಲಾರ್ ಇನ್ವರ್ಟರ್ ಕುಂಯ್ ಕುಂಯ್ ಎನ್ನತೊಡಗುತ್ತದೆ. ತಪ್ಪು ಊರಿನ ಬಿಸಿಲಿನದ್ದಲ್ಲ, ಅದನ್ನು ಕೂರಿಸಿದ ಜಾಗದ್ದು. ಮಳೆಗೆಂದು ತಾರಸಿಯ ಮೇಲೆ ತಗಡಿನ ಶೀಟ್ ಹೊದಿಸಿರುತ್ತೇವೆ. ಅದರಡಿ ಮೆಟ್ಟಿಲ ಪಕ್ಕದ ಗೂಡಿನಲ್ಲಿ ಇನ್ವರ್ಟರ್. ಮಕ್ಕಳು ಮುಟ್ಟಬಾರದೆಂದು ಅದಕ್ಕೊಂದು ಬಾಗಿಲು, ಬಾಗಿಲಿಗೊಂದು ಬೀಗ. ಹೊರಗೆ 33 ಡಿಗ್ರಿ ಇದ್ದ ದಿನವೂ ಆ ಗೂಡಿನೊಳಗೆ 45 ದಾಟಲು ಇಷ್ಟು ಸಾಕು.

45 ಎಂಬ ಸಂಖ್ಯೆಗೆ ಬೆಲೆಯಿದೆ. ಸುತ್ತಲಿನ ಗಾಳಿ ಹೆಚ್ಚುಕಡಿಮೆ ಅಷ್ಟು ಬಿಸಿಯಾದ ಮೇಲೆ ಬಹಳಷ್ಟು ಇನ್ವರ್ಟರ್‌ಗಳು ತಮ್ಮನ್ನು ಉಳಿಸಿಕೊಳ್ಳಲು ವಿದ್ಯುತ್ ಉತ್ಪಾದನೆಯನ್ನೇ ತಗ್ಗಿಸುತ್ತವೆ. ನಿಮ್ಮದರ ಮಿತಿ ಎಷ್ಟೆಂದು ಅದರ ಕೈಪಿಡಿಯಲ್ಲಿ ಇರುತ್ತದೆ. ಒಳಗಿರುವ ಕೆಪಾಸಿಟರ್‌ಗಳ, ಅಂದರೆ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಬಿಡಿಭಾಗಗಳ ಕತೆ ಇನ್ನೂ ಬಿಗಿ. 10 ಡಿಗ್ರಿ ಜಾಸ್ತಿ ಬಿಸಿಯಲ್ಲಿ ದುಡಿದರೆ ಅವುಗಳ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಮೊದಲು ಅಳೆಯಿರಿ

ತೇವಾಂಶವನ್ನೂ ತೋರಿಸುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಎರಡು ತನ್ನಿ. ಒಂದನ್ನು ಇನ್ವರ್ಟರ್ ಗಾಳಿ ಎಳೆದುಕೊಳ್ಳುವ ಕಡೆ ಇಡಿ. ಸಾಮಾನ್ಯವಾಗಿ ಅದು ಕೆಳಗಿರುತ್ತದೆ. ಇನ್ನೊಂದನ್ನು ಹೊರಗೆ, ನೆರಳಲ್ಲಿ ನೇತುಹಾಕಿ. ಮಧ್ಯಾಹ್ನ 12ರಿಂದ 3ರ ನಡುವೆ ನೋಡಿ. ಒಳಗೂ ಹೊರಗೂ 5 ಡಿಗ್ರಿಯೊಳಗೆ ವ್ಯತ್ಯಾಸ ಇದ್ದರೆ ನಿಮ್ಮ ಕೋಣೆಗೆ ಏನೂ ಆಗಬೇಕಿಲ್ಲ, ಸುಮ್ನೆ ದುಡ್ಡು ಹಾಕಬೇಡಿ. 8, 10 ಡಿಗ್ರಿ ಬಂದರೆ ಮುಂದೆ ಓದಿ.

ಮೊಬೈಲ್ ಆ್ಯಪ್‌ನಲ್ಲಿ ಮಧ್ಯಾಹ್ನ ಉತ್ಪಾದನೆ ಕುಸಿದದ್ದು ಕಂಡರೆ ತಕ್ಷಣ ಬಿಸಿಯ ಮೇಲೆ ಗೂಬೆ ಕೂರಿಸಬೇಡಿ. ಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್‌ನಿಂದ ದೂರ, ಲೈನಿನ ತುದಿಯಲ್ಲಿರುವ ಮನೆಗಳಲ್ಲಿ ಬಿಸಿಲೇರಿದಾಗ ವೋಲ್ಟೇಜ್ ಮಿತಿ ಮೀರಿ ಇನ್ವರ್ಟರ್ ಆಗಾಗ ಕಡಿತಗೊಳ್ಳುವುದೂ ಇದೆ. ಅದೇ ಆ್ಯಪ್‌ನಲ್ಲಿ ಉಷ್ಣಾಂಶ, ವೋಲ್ಟೇಜ್ ಎರಡನ್ನೂ ನೋಡಿದರೆ ಕಳ್ಳ ಯಾರೆಂದು ಗೊತ್ತಾಗುತ್ತದೆ.

ಎಷ್ಟು ಬಿಸಿ, ಎಷ್ಟು ಗಾಳಿ?

ಲೆಕ್ಕ ಸುಲಭ. 5 ಕಿಲೋವಾಟ್ ಇನ್ವರ್ಟರ್ ಪೂರ್ತಿ ದುಡಿಯುತ್ತಿದೆ, ದಕ್ಷತೆ ಶೇ 95 ಎಂದುಕೊಳ್ಳಿ. ಉಳಿದ ಶೇ 5, ಅಂದರೆ 250 ವಾಟ್, ಬಿಸಿಯಾಗಿ ಕೋಣೆಗೇ ಬೀಳುತ್ತದೆ. ಈ ವಾಟ್ ಅನ್ನು 3ರಿಂದ ಗುಣಿಸಿ, ಎಷ್ಟು ಡಿಗ್ರಿ ವ್ಯತ್ಯಾಸ ಪರವಾಗಿಲ್ಲವೋ ಅದರಿಂದ ಭಾಗಿಸಿ. 250 ಗುಣಿಸು 3, ಭಾಗಿಸು 5: ಗಂಟೆಗೆ 150 ಘನ ಮೀಟರ್ ಗಾಳಿ ಬೇಕು. 6 ಇಂಚಿನ ಸಾಧಾರಣ ಎಕ್ಸಾಸ್ಟ್ ಫ್ಯಾನಿಗೆ ಇದು ದೊಡ್ಡ ಮಾತಲ್ಲ. ಜಾಲರಿ ಅಡ್ಡ ಬಂದರೆ ಗಾಳಿ ಕಡಿಮೆಯಾಗುತ್ತದೆ. ಹಾಗಾಗಿ ಲೆಕ್ಕಕ್ಕಿಂತ ಒಂದೂವರೆ ಪಟ್ಟು ಎಳೆಯುವ ಫ್ಯಾನ್ ತೆಗೆದುಕೊಳ್ಳಿ. ಎಸಿಯ ಮಾತೇ ಬೇಡ.

ಎಸಿ ಯಾಕೆ ಬೇಡ ಅಂದರೆ ಬರೀ ಖರ್ಚಿನ ಪ್ರಶ್ನೆಯಲ್ಲ. ತಣ್ಣಗಾದ ಕಬ್ಬಿಣಕ್ಕೆ, ತಾಮ್ರಕ್ಕೆ ಕರಾವಳಿಯ ಒದ್ದೆ ಗಾಳಿ ತಾಗಿದರೆ ನೀರು ಕಟ್ಟುತ್ತದೆ. ಎಸಿ ಹಾಕಿದ ಕೋಣೆಯ ಬಾಗಿಲನ್ನು ಒಮ್ಮೆ ತೆರೆದರೂ ಸಾಕು. ನಮ್ಮಲ್ಲಿ ಉಪಕರಣ ಹೊರಗಿನ ಗಾಳಿಗಿಂತ ನಾಲ್ಕು ಡಿಗ್ರಿ ಬೆಚ್ಚಗೆ ಇರುವುದೇ ಕ್ಷೇಮ.

ಯಾವ ಗೋಡೆ?

ಇಡೀ ಕೆಲಸದಲ್ಲಿ ಹೆಚ್ಚು ಯೋಚಿಸಬೇಕಾದದ್ದು ಇಲ್ಲಿ. ನಮ್ಮ ಕರಾವಳಿಯಲ್ಲಿ ಪಶ್ಚಿಮದ ಗೋಡೆಗೆ ಮೂರು ಕಾಟ. ಮಧ್ಯಾಹ್ನದ ನಂತರದ ಬಿಸಿಲು ಅದಕ್ಕೇ ಬೀಳುತ್ತದೆ. ಸಮುದ್ರದ ಉಪ್ಪುಗಾಳಿ ಅದಕ್ಕೇ ಬಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮಳೆ ಎರಚುವುದೂ ಅತ್ತಲಿಂದಲೇ. ಚಿರೆಕಲ್ಲಿನ ದಪ್ಪ ಗೋಡೆ ಸಂಜೆವರೆಗೆ ಕಾದು ರಾತ್ರಿಯಿಡೀ ಒಳಗೆ ಬಿಸಿ ಬಿಡುತ್ತದೆ. ಅದಕ್ಕೆ ಇನ್ವರ್ಟರ್ ಆನಿಸಿದರೆ ರಾತ್ರಿಯೂ ಅದಕ್ಕೆ ಆರಾಮ ಇಲ್ಲ.

ಆದ್ದರಿಂದ ಉತ್ತರ ಅಥವಾ ಪೂರ್ವದ ಗೋಡೆ ಹಿಡಿಯಿರಿ. ಗಾಳಿ ಬರುವ ಕಿಂಡಿ ಉತ್ತರಕ್ಕೆ, ನೆಲದಿಂದ ಒಂದಡಿ ಮೇಲೆ. ಹೋಗುವ ಕಿಂಡಿ ಪೂರ್ವಕ್ಕೆ, ಸೂರಿಗೆ ತಾಗುವಷ್ಟು ಎತ್ತರದಲ್ಲಿ. ಎರಡೂ ಒಂದೇ ಮೂಲೆಯಲ್ಲಿದ್ದರೆ ಹೊಸ ಗಾಳಿ ಇನ್ವರ್ಟರ್ ಮುಟ್ಟದೆ ಹಾಗೇ ಹೊರಗೆ ಹೋಗುತ್ತದೆ. ಅವೆರಡರ ದಾರಿಯ ನಡುವೆ ಇನ್ವರ್ಟರ್ ಸಿಗಬೇಕು. ಬರುವ ಕಿಂಡಿ ಹೋಗುವ ಕಿಂಡಿಗಿಂತ ದೊಡ್ಡದಿರಲಿ. ಎರಡಕ್ಕೂ ಕೆಳಮುಖದ ಪಟ್ಟಿಗಳು, ಒಳಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ. ಜಾಲರಿ ಇಲ್ಲದಿದ್ದರೆ ಹಲ್ಲಿ, ಇರುವೆ ಒಳಗೆ ಸೇರುತ್ತವೆ. ಕುಂಬಾರ ಹುಳ ಫ್ಯಾನಿನ ಬಾಯಿಯಲ್ಲೇ ಮಣ್ಣಿನ ಗೂಡು ಕಟ್ಟುತ್ತದೆ.

ಹೊಸದಾಗಿ ಕಟ್ಟುವವರಿಗೆ ಇನ್ನೊಂದು ಅನುಕೂಲವಿದೆ. ತಾರಸಿಯ ಮೇಲೆ ಪ್ಯಾನೆಲ್ ಎಲ್ಲಿ ಬರುತ್ತದೋ ಅದರ ಕೆಳಗಿನ ಕೋಣೆಯನ್ನೇ ಇದಕ್ಕೆ ಬಿಡಿ. ಪ್ಯಾನೆಲ್ ಸ್ಲ್ಯಾಬಿಗೆ ನೆರಳು ಕೊಡುತ್ತದೆ, ವೈರೂ ಕಡಿಮೆ ಸಾಕು.

ಘಟ್ಟದ ಮೇಲೆ, ಶಿರಸಿ, ಸಿದ್ದಾಪುರದ ಕಡೆ ತೊಂದರೆ ಬೇರೆ. ಅಲ್ಲಿ ಹವೆ ತಂಪು. ಆದರೆ ಜಾಗ ಇದೆಯೆಂದು ಇನ್ವರ್ಟರನ್ನು ಬಚ್ಚಲ ಒಲೆಯ ಹಿಂದಿನ ಗೋಡೆಗೋ ಅಡಿಕೆ ಬೇಯಿಸುವ ಒಲೆಯ ಪಕ್ಕದ ಉಗ್ರಾಣಕ್ಕೋ ಹಾಕಿಬಿಡುತ್ತಾರೆ. ಹೊಗೆಯ ಮಸಿ, ಅಡಿಕೆ ಸಿಪ್ಪೆಯ ದೂಳು ಇನ್ವರ್ಟರ್‌ನ ಬಿಸಿ ಹೊರಹಾಕುವ ಲೋಹದ ಭಾಗದ (ಹೀಟ್‌ಸಿಂಕ್) ಪಟ್ಟಿಗಳ ನಡುವೆ ಕೂತು ಮೆತ್ತೆಯಂತಾಗುತ್ತದೆ. ಒಣಸಿಪ್ಪೆಯ ಚೀಲಗಳನ್ನಂತೂ ಆ ಕೋಣೆಯಲ್ಲಿ ಇಡಲೇಬೇಡಿ. ಬೆಂಕಿಯ ಅಪಾಯ.

ನೇತುಹಾಕುವಾಗ

ಮೇಲೆ, ಕೆಳಗೆ ಕನಿಷ್ಠ ಒಂದೊಂದು ಅಡಿ ಬಿಡಿ, ಕೈಪಿಡಿ ಹೆಚ್ಚು ಕೇಳಿದರೆ ಅಷ್ಟು. ಎರಡು ಇನ್ವರ್ಟರ್ ಇದ್ದರೆ ಪಕ್ಕಪಕ್ಕ ಹಾಕಿ. ಒಂದರ ಮೇಲೊಂದು ಹಾಕಿದರೆ ಕೆಳಗಿನದು ಬಿಟ್ಟ ಬಿಸಿಯುಸಿರನ್ನೇ ಮೇಲಿನದು ಉಸಿರಾಡಬೇಕಾಗುತ್ತದೆ.

ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಇನ್ವರ್ಟರ್‌ನ ಸರಿ ಕೆಳಗೆ ಇಡಬಾರದು. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ, ಜೊತೆಗೆ ಆ್ಯಸಿಡ್‌ನ ಹನಿಯೂ ಏಳುತ್ತದೆ. ಗಾಳಿಯಲ್ಲಿ ಹೈಡ್ರೋಜನ್ ಶೇ 4 ಮುಟ್ಟಿದರೆ ಒಂದು ಕಿಡಿ ಸಾಕು. ಹಗುರವಾದ್ದರಿಂದ ಅದು ಸೂರಿನಡಿ ಸೇರುತ್ತದೆ, ಮೇಲಿನ ಕಿಂಡಿ ಅದಕ್ಕೂ ಬೇಕು. ಲಿಥಿಯಂ ಬ್ಯಾಟರಿಗೆ ಈ ರಗಳೆ ಇಲ್ಲ, ಆದರೆ ಸಾಮಾನ್ಯವಾಗಿ 45 ಡಿಗ್ರಿಯ ಆಚೆ ಅದು ಚಾರ್ಜ್ ಆಗಲು ಒಪ್ಪುವುದಿಲ್ಲ.

ಫ್ಯಾನಿನ ಸಂಪರ್ಕ

ಎಕ್ಸಾಸ್ಟ್ ಫ್ಯಾನನ್ನು ಇನ್ವರ್ಟರ್‌ನ ಬ್ಯಾಕಪ್ ಲೈನಿಗೇ ಕೊಡಿಸಿ. ಹೆಸ್ಕಾಂ ಲೈನಿಗೆ ಕೊಟ್ಟರೆ ಕರೆಂಟ್ ಹೋದಾಗ ಫ್ಯಾನೂ ನಿಲ್ಲುತ್ತದೆ. ಬ್ಯಾಟರಿಯಿಂದ ಮನೆಯ ಭಾರವನ್ನೆಲ್ಲ ಇನ್ವರ್ಟರ್ ಹೊರುವುದು ಆಗಲೇ ಅಲ್ವಾ? ಬ್ಯಾಟರಿ ಇಲ್ಲದೆ ನೇರ ಹೆಸ್ಕಾಂ ಲೈನಿಗೆ ಜೋಡಿಸಿದ ಗ್ರಿಡ್ ವ್ಯವಸ್ಥೆಯಾದರೆ ಚಿಂತೆಯಿಲ್ಲ, ಕರೆಂಟ್ ಹೋದಾಗ ಇನ್ವರ್ಟರೂ ಸುಮ್ಮನಾಗುತ್ತದೆ.

ಫ್ಯಾನಿಗೆ ಥರ್ಮೋಸ್ಟಾಟ್ ಹಾಕಿ, 37ಕ್ಕೆ ಇಡಿ. 30ಕ್ಕೆ ಇಟ್ಟರೆ ನಮ್ಮ ಬೇಸಿಗೆಯಲ್ಲಿ ಅದು ಹೆಚ್ಚುಕಡಿಮೆ ಹಗಲೆಲ್ಲ ತಿರುಗುತ್ತದೆ, ಉಪ್ಪುಗಾಳಿಯನ್ನು ಒಳಗೆ ಎಳೆದು ತುಂಬುವುದೇ ಅದರ ಕೆಲಸವಾಗುತ್ತದೆ.

ಸ್ವಚ್ಛತೆ, ಮಳೆಗಾಲ

ಜಾಲರಿಯನ್ನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ತೊಳೆದು ಒಣಗಿಸಿ. ಕಡಲ ಹತ್ತಿರದ ಮನೆಗಳಲ್ಲಿ ಅದರ ದೂಳು ಉದುರುವುದಿಲ್ಲ, ಉಪ್ಪಿನಿಂದ ಜಿಗುಟಾಗಿ ಅಂಟಿರುತ್ತದೆ. ಇನ್ವರ್ಟರ್‌ಗೆ ಒಣ ಬ್ರಶ್ ಮಾತ್ರ. ಅದಕ್ಕೂ ಮೊದಲು ಮನೆಯ ಲೈನಿನ (ಎಸಿ ಕರೆಂಟ್), ಪ್ಯಾನೆಲ್ ಲೈನಿನ (ಡಿಸಿ ಕರೆಂಟ್), ಬ್ಯಾಟರಿಯ ಸ್ವಿಚ್ ಎಲ್ಲ ಆರಿಸಿ, ಕೈಪಿಡಿ ಹೇಳಿದಷ್ಟು ನಿಮಿಷ ಕಾಯಿರಿ. ಮುಚ್ಚಳ ಬಿಚ್ಚಬೇಡಿ. ಬಿಸಿಲಿರುವ ತನಕ ಪ್ಯಾನೆಲ್‌ನಿಂದ ಬರುವ ವೈರಿನಲ್ಲಿ ನೂರಾರು ವೋಲ್ಟ್ ಇದ್ದೇ ಇರುತ್ತದೆ. ಎಂಸಿಬಿಯ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಸ್ಕ್ರೂ ಪಕ್ಕದ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ವೈರ್ ಸಡಿಲವಾಗಿದೆ. ಯಾವ ಫ್ಯಾನೂ ಅದನ್ನು ಸರಿ ಮಾಡದು, ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ಮಳೆಗಾಲದಲ್ಲಿ ಕೆಳಗಿನ ಕಿಂಡಿಯನ್ನು ಅರ್ಧ ಮುಚ್ಚಿ, ಮೇಲಿನದನ್ನು ಹಾಗೇ ಬಿಡಿ. ಮುಂಬೈಗೋ ಗಲ್ಫ್‌ಗೋ ಹೋಗಿ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕುವವರು ಇನ್ವರ್ಟರನ್ನೂ ಪೂರ್ತಿ ಆರಿಸಿ ಹೋಗುವುದುಂಟು. ಆಷಾಢದ ತೇವಕ್ಕೆ ತಣ್ಣಗೆ ಕೂತ ಸರ್ಕ್ಯೂಟ್ ಬೋರ್ಡ್‌ಗೆ ಹಸಿರು ಕಿಲುಬು ಹಿಡಿಯುತ್ತದೆ. ಇನ್ವರ್ಟರ್ ಚಾಲೂ ಇರಲಿ, ಸುಮ್ಮನೆ ಕೂತಾಗ ಅದು ಬಿಡುವ ಅಲ್ಪ ಬಿಸಿಯೇ ಒಳಭಾಗವನ್ನು ಒಣಗಿಸಿಡುತ್ತದೆ. ಮಿಂಚು ತಡೆಯುವ ಸರ್ಜ್ ಸಾಧನ, ಅರ್ಥಿಂಗ್ ಎರಡೂ ಸರಿಯಿವೆಯೇ ಎಂದು ಹೊರಡುವ ಮೊದಲು ಪರೀಕ್ಷೆ ಮಾಡಿಸಿ, ಕೀಲಿಕೈಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಹೋಗಿ.