ಸಭೆಗೆ ಬಾರದವರನ್ನು ಮೊದಲು ಹುಡುಕಿ: ಕೆರೆ ಕೆಲಸದಲ್ಲಿ ನನ್ನ ಅನುಭವ

ಕೋಲಾರ ಜಿಲ್ಲೆಯಲ್ಲಿ ಕೆರೆ ಹೂಳೆತ್ತುವ ಯೋಜನೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ದುಡ್ಡು ಕಂಪನಿಗಳ ಸಿಎಸ್‌ಆರ್ ನಿಧಿಯಿಂದ, ಅಂದರೆ ಸಮಾಜದ ಕೆಲಸಕ್ಕೆ ಅಂತ ಅವು ತೆಗೆದಿಡುವ ಹಣದಿಂದ ಬರುತ್ತದೆ. ಅನುಮತಿ ಸರ್ಕಾರ ಕೊಡಬೇಕು. ತೆಗೆದ ಮಣ್ಣನ್ನು ತಮ್ಮ ಹೊಲಕ್ಕೆ ಸಾಗಿಸುವವರು ರೈತರು. ಜೆಸಿಬಿ ತರಿಸಿ ಹೂಳು ತೆಗೆಸುವುದೇನೂ ಕಷ್ಟವಲ್ಲ. ಕೆರೆಗೆ ಸಂಬಂಧಪಟ್ಟ ಇಷ್ಟೊಂದು ಜನರನ್ನು ಕೊನೆತನಕ ಒಟ್ಟಿಗೆ ಇಟ್ಟುಕೊಳ್ಳುವುದೇ ನಿಜವಾದ ಕೆಲಸ.

ಊರಿಗೆ ಹೋದ ತಕ್ಷಣ ನಾನು ಸಭೆ ಕರೆಯುವುದಿಲ್ಲ. ಅರಳಿಕಟ್ಟೆ ಸಭೆಯಲ್ಲಿ ಮಾತಾಡುವವರು ಯಾರು ಅಂತ ಎಲ್ಲರಿಗೂ ಗೊತ್ತು. ಅಚ್ಚುಕಟ್ಟಿನಲ್ಲಿ (ಕೆರೆ ನೀರು ಹಾಯುವ ಪ್ರದೇಶದಲ್ಲಿ) ಜಾಸ್ತಿ ಜಮೀನಿರುವವರು, ಪಂಚಾಯಿತಿ ಸದಸ್ಯರು, ಟ್ರ್ಯಾಕ್ಟರ್ ಇರುವವರು. ಅವರು "ಆಗಲಿ ಸಾರ್, ಊರಿಗೆ ಒಳ್ಳೇದೇ ಅಲ್ವಾ" ಅಂದರೆ ಒಪ್ಪಿಗೆ ಸಿಕ್ಕಿತು ಅಂತ ಬರೆದುಕೊಂಡು ಬರಬಹುದು. ಆದರೆ ಕೆಲಸ ನಡುವೆ ನಿಂತರೆ ನಿಲ್ಲಿಸುವವರು ಬೇರೆಯವರು. ಕೆರೆ ಅಂಗಳದ, ಅಂದರೆ ನೀರು ನಿಲ್ಲುವ ಜಾಗದ ಅಂಚಿನಲ್ಲಿ ಬೆಳೆ ಇಟ್ಟವರು, ಕುರಿ ಮೇಯಿಸುವವರು, ಮೀನಿನ ಹರಾಜು ಹಿಡಿದವರು, ಇಟ್ಟಿಗೆ ಗೂಡಿಗೆ ಮಣ್ಣು ಹೊಡೆಯುವವರು. ಅದಕ್ಕೇ ನಾನು ಮೊದಲು ಕೇಳಿಕೊಳ್ಳುವುದು, ಈ ಕೆಲಸದಿಂದ ಯಾರಿಗೆ ನಷ್ಟ ಅಂತ. ಲಾಭ ಇರುವವರು ತಾವಾಗಿಯೇ ಬರುತ್ತಾರೆ. ನಷ್ಟ ಆಗುವವರ ಮನೆಗೆ ನಾವೇ ಹೋಗಬೇಕು.

ಎಲ್ಲರಿಗಿಂತ ಮುಂಚೆ ನೀರುಗಂಟಿಯನ್ನು ಭೇಟಿ ಮಾಡುತ್ತೇನೆ. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು ಅವರ ತಲೆಮಾರಿನ ಕೆಲಸ. ಈ ಕಡೆ ಹೆಚ್ಚಾಗಿ ದಲಿತ ಕುಟುಂಬದವರು. ಸಭೆಯಲ್ಲಿ ಹಿಂದೆ ನಿಂತಿರುತ್ತಾರೆ. ಕೇಳಿದರೂ "ದೊಡ್ಡೋರು ಹೇಳಿದ ಹಾಗೆ" ಅಂತ ಸುಮ್ಮನಾಗುತ್ತಾರೆ. ಅದೇ ಏರಿ ಮೇಲೆ ಜೊತೆಯಲ್ಲಿ ನಡೆದರೆ ಮಾತು ತಾನಾಗಿ ಬರುತ್ತದೆ. ಒಂದು ಊರಲ್ಲಿ ಹಿರಿಯರೊಬ್ಬರು ಕೈಯಲ್ಲಿದ್ದ ಕೋಲಿನಿಂದ ಅಂಗಳ ತೋರಿಸಿ, "ಆ ಜಾಲಿ ಮರದ ತನಕ ತೆಗೀರಿ ಸಾರ್. ಅದರಾಚೆ ಆಳ ಮಾಡಬೇಡಿ. ಕೆಳಗೆ ಮರಳು, ನೀರು ನಿಲ್ಲಲ್ಲ" ಅಂದರು. ಎಂಜಿನಿಯರನ್ನು ಕರೆದುಕೊಂಡು ಹೋಗಿ ಗುಂಡಿ ತೋಡಿಸಿ ನೋಡಿದೆವು. ಜೇಡಿ ಮಣ್ಣಿನ ಪದರ ಅಲ್ಲಿ ತೆಳ್ಳಗಿತ್ತು, ಅದರಡಿ ಮರಳು. ನಕ್ಷೆ ಬದಲಾಯಿಸಿದೆವು. ಆದರೆ ಹತ್ತಿರದ ಬೋರ್‌ವೆಲ್‌ನವರಿಗೆ ನೀರು ಇಂಗಿದರೇ ಸಂತೋಷ, ಗದ್ದೆಯವರಿಗೆ ನೀರು ನಿಲ್ಲಬೇಕು. ಇಬ್ಬರನ್ನೂ ಆ ಗುಂಡಿಯ ಪಕ್ಕ ನಿಲ್ಲಿಸಿಯೇ ಮಾತಾಡಿಸಿದೆ. ಮಣ್ಣು ಕಣ್ಣೆದುರಿಗೇ ಇದ್ದಾಗ ವಾದ ಬೇಗ ಮುಗಿಯುತ್ತದೆ.

ಇನ್ನೊಂದು ಗುಂಪನ್ನು ಬಹಳ ಜನ ಪಟ್ಟಿಯಲ್ಲೇ ಸೇರಿಸುವುದಿಲ್ಲ. ಅವರು ಪಕ್ಕದ ಊರಿನವರು. ನಮ್ಮ ಕಡೆಯ ಕೆರೆಗಳು ಸರಪಳಿಯಂತೆ ಇವೆ. ಮೇಲಿನ ಕೆರೆ ತುಂಬಿ, ಹೆಚ್ಚಾದ ನೀರು ಹೊರಹೋಗುವ ಕಲ್ಲಿನ ಕಟ್ಟೆಯಾದ ಕೋಡಿಯ ಮೇಲೆ ಹರಿದರೆ ಆ ನೀರು ಕೆಳಗಿನ ಕೆರೆಗೆ. ಒಂದು ಊರಲ್ಲಿ ಕೋಡಿಯನ್ನು ಒಂದಡಿ ಎತ್ತರಿಸಲೇಬೇಕು ಅಂತ ಪಟ್ಟು ಹಿಡಿದರು. ಊರಿಗೆ ಊರೇ ಒಪ್ಪಿತ್ತು. ನಾನು ಕೆಳಗಿನ ಊರಿನ ಹಿರಿಯರನ್ನು ಕರೆಸಿದೆ. ಅವರು ಸಿಟ್ಟಿನಲ್ಲೇ ಬಂದರು. ಕೋಡಿ ಕಲ್ಲಿನ ಹತ್ತಿರ ನಿಂತು ಒಬ್ಬರು, "ನೀವು ಎತ್ತರ ಮಾಡಿದ್ರೆ ನಮ್ಮ ಕೆರೆಗೆ ಏನು ಬರುತ್ತೆ ಹೇಳಿ ಯಜಮಾನ್ರೇ" ಅಂತ ಕೇಳಿದರು. ಎಂಜಿನಿಯರ್ ಇನ್ನೊಂದು ವಿಷಯ ಹೇಳಿದರು. ಕೋಡಿ ಎತ್ತರಿಸಿದರೆ ಮೇಲ್ಭಾಗದ ಪಟ್ಟಾ ಜಮೀನೂ ಮುಳುಗುತ್ತದೆ, ಏರಿಗೂ ಅಪಾಯ. ಬೇಕಾದ ನೀರನ್ನು ಹೂಳು ತೆಗೆದೇ ಗಳಿಸೋಣ, ಕೋಡಿ ಇದ್ದಷ್ಟೇ ಇರಲಿ ಅಂತ ತೀರ್ಮಾನವಾಯಿತು. ಎರಡೂ ಊರಿನವರು ಸೇರಿ ಕಲ್ಲಿನ ಮೇಲೆ ಕೆಂಪು ಬಣ್ಣದ ಗೆರೆ ಹಾಕಿದರು. ತೀರ್ಮಾನವನ್ನು ಬರೆದು, ಸಹಿ ಮಾಡಿಸಿ, ಇಲಾಖೆಗೂ ಒಂದು ಪ್ರತಿ ಕೊಟ್ಟೆವು.

ದೊಡ್ಡ ಸಭೆ ಇಷ್ಟೆಲ್ಲ ಆದಮೇಲೆ. ಸಂಜೆ ಡೈರಿಗೆ ಹಾಲು ಹಾಕಿದ ನಂತರದ ಹೊತ್ತು ಸರಿ. ಹೆಂಗಸರೂ ಬರುತ್ತಾರೆ. ಹೂಳು ಯಾರಿಗೆ ಎಷ್ಟು ಲೋಡು, ಟ್ರ್ಯಾಕ್ಟರ್ ಇಲ್ಲದವರಿಗೆ ಬಾಡಿಗೆ ಹೇಗೆ, ಎಲ್ಲವನ್ನೂ ಅಲ್ಲೇ ಅವರೇ ನಿರ್ಧರಿಸಬೇಕು. ಸಣ್ಣ ರೈತರ ಸರದಿ ಮೊದಲು ಇಡಿ ಅಂತ ಮಾತ್ರ ನಾನು ಕೇಳಿಕೊಳ್ಳುತ್ತೇನೆ. ಕೊನೆಗೆ ಇಟ್ಟರೆ ಮಳೆ ಬಂದುಬಿಡುತ್ತದೆ, ಅವರ ಪಾಲು ಕೆರೆಯಲ್ಲೇ ಉಳಿಯುತ್ತದೆ. ಡೈರಿ ಗೋಡೆಗೆ ಕಪ್ಪು ಹಲಗೆ ಹಾಕಿ ಪ್ರತಿದಿನದ ಲೋಡು, ಜೆಸಿಬಿ ಓಡಿದ ಗಂಟೆ, ಖರ್ಚು ಬರೆಸುತ್ತೇನೆ. ಬರೆಯುವುದು ಊರಿನ ಹುಡುಗರು. ವಾಟ್ಸ್ಆ್ಯಪ್ ಗುಂಪೂ ಇರುತ್ತದೆ, ಆದರೆ ಫೋಟೋಗಳಿಗೆ ಮಾತ್ರ. ತಕರಾರು ಬಂದರೆ ಫೋನ್ ಕೂಡ ಮಾಡುವುದಿಲ್ಲ, ಹೋಗಿ ಎದುರಿಗೆ ಕೂರುತ್ತೇನೆ.

ಅಂಗಳದಲ್ಲಿ ಬೆಳೆ ಇಟ್ಟವರ ವಿಷಯ ಸೂಕ್ಷ್ಮ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸುತ್ತೇವೆ. ಗಡಿ ಗುರುತಿಸುವುದು ಸರ್ಕಾರದ ಸರ್ವೆಯರ್ ಆದರೆ ಊರೊಳಗೆ ಒಬ್ಬರ ಮೇಲೊಬ್ಬರಿಗೆ ದ್ವೇಷ ಹುಟ್ಟುವುದಿಲ್ಲ. ನಿಂತ ಬೆಳೆ ಕೊಯ್ಲಾಗುವ ತನಕ ಆ ಭಾಗಕ್ಕೆ ಯಂತ್ರ ಇಳಿಸುವುದಿಲ್ಲ.

ಅಧಿಕಾರಿಗಳಲ್ಲಿ ಯಾರನ್ನು ಕಾಣಬೇಕು ಅನ್ನುವುದು ಕೆರೆಯ ಗಾತ್ರದ ಮೇಲೆ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಪಂಚಾಯತ್ ರಾಜ್ ಕಡೆ, 40ರಿಂದ 2,000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆ. ಅವರಿಗೆ ಭಾಷಣ ಬೇಡ. ಅಳತೆ, ಫೋಟೋ, ಗ್ರಾಮಸಭೆಯ ನಡಾವಳಿ, ಮೂರೂ ಒಂದೇ ಕಡತದಲ್ಲಿ ಇದ್ದರೆ ಅವರ ಕೆಲಸವೂ ಸಲೀಸು.

ದುಡ್ಡು ಕೊಡುವ ಕಂಪನಿಗೆ ಮಾರ್ಚ್ 31ರ ಚಿಂತೆ. ಕೆರೆ ಒಣಗುವುದು ಬೇಸಿಗೆಯಲ್ಲಿ, ಅಂದರೆ ಕೆಲಸ ಜೋರಾಗುವ ಹೊತ್ತಿಗೆ ಅವರ ವರ್ಷ ಮುಗಿಯುತ್ತದೆ. ಇದನ್ನು ಒಪ್ಪಂದದ ಮೊದಲೇ ಹೇಳುತ್ತೇನೆ. ಸಿಎಸ್‌ಆರ್ ನಿಯಮಗಳಿಗೆ ಆದ 2021ರ ತಿದ್ದುಪಡಿಯ ನಂತರ, ನಡೆಯುತ್ತಿರುವ ಯೋಜನೆಯ ಉಳಿಕೆ ಹಣವನ್ನು ಪ್ರತ್ಯೇಕ ಖಾತೆಗೆ ಹಾಕಿ ಮೂರು ಹಣಕಾಸು ವರ್ಷಗಳೊಳಗೆ ಖರ್ಚು ಮಾಡಲು ಅವಕಾಶವಿದೆ. ಅದನ್ನು ಮೊದಲೇ ಮಾತಾಡಿಕೊಂಡರೆ ಮಾರ್ಚ್‌ನಲ್ಲಿ ಅವಸರದಿಂದ ಕೆರೆ ಕೆಡಿಸುವುದು ತಪ್ಪುತ್ತದೆ. ಅವರಲ್ಲಿ ಯಾರಾದರೂ ಒಬ್ಬರನ್ನು ಏರಿ ಮೇಲೆ ನಡೆಸಿಕೊಂಡು ಬರುವುದು ನೂರು ಪುಟದ ವರದಿಗಿಂತ ಮೇಲು.

ಕೆಲಸ ಮುಗಿದ ಮೇಲೆ ಲೆಕ್ಕವನ್ನು ಸಭೆಯಲ್ಲಿ ಗಟ್ಟಿಯಾಗಿ ಓದುತ್ತೇವೆ. ಕೋಡಿಯ ಜಗಳ ಆದ ಆ ಊರಲ್ಲಿ ಸ್ವಲ್ಪ ಹಣ ಉಳಿದಿತ್ತು. ಏರಿಗೆ ಕಲ್ಲು ಕಟ್ಟಿಸಿ ಅಂತ ಕೆಲವರು, ಕೆರೆಗೆ ನೀರು ತರುವ ರಾಜಕಾಲುವೆಯ ಬಾಯಲ್ಲಿ ಹೂಳು ತಡೆಯುವ ಗುಂಡಿ ಮಾಡಿ ಅಂತ ಕೆಲವರು. ಕೆಳಗಿನ ಊರಿನವರನ್ನೂ ಕರೆದಿದ್ದರು, ಈ ಸಲ ನಾನು ಹೇಳದೆಯೇ. ಎರಡೂ ಊರು ಸೇರಿ ಗುಂಡಿಯನ್ನೇ ಆರಿಸಿದವು.