ಕಡಲಂಚಿನ ಹಳೆಯ ಕ್ಯಾರವಾನ್ ಪಾರ್ಕ್: ಪಾರಂಪರಿಕ ಮೌಲ್ಯ ದಾಖಲಿಸುವ ಬಗೆ

ಆಸ್ಟ್ರೇಲಿಯಾದಲ್ಲಿ ಹಳೆಯ ಕ್ಯಾರವಾನ್ ಪಾರ್ಕನ್ನು ಪಾರಂಪರಿಕ ತಾಣವೆಂದು ಗುರುತಿಸಲು ಕೇಳುವವರು ಸಾಮಾನ್ಯವಾಗಿ ಕ್ಯಾರವಾನಿನ ಫೋಟೊದಿಂದಲೇ ಶುರು ಮಾಡುತ್ತಾರೆ. ಅರ್ಜಿ ಸೊರಗುವುದೇ ಅಲ್ಲಿ. ಕ್ಯಾರವಾನ್ ಎಂದರೆ ಚಕ್ರದ ಮೇಲಿನ ಪುಟ್ಟ ಮನೆ, ಕಾರಿಗೆ ಕಟ್ಟಿ ಎಳೆದರೆ ಜಾಗ ಖಾಲಿ. ಉಳಿಯುವುದು ಕ್ಯಾರವಾನ್ ನಿಲ್ಲಿಸುವ ಸೈಟುಗಳ ಸಾಲು, ನಡುವಿನ ದಾರಿ, ಎಲ್ಲರೂ ಬಳಸುವ ಸ್ನಾನಗೃಹ, ಮರಗಳು, ಪ್ರತಿ ಬೇಸಿಗೆಗೂ ಅದೇ ಸೈಟಿಗೆ ಬರುವ ಕುಟುಂಬಗಳ ನಂಟು. ದಾಖಲೆ ಇವುಗಳ ಮೇಲೆ ನಿಲ್ಲಬೇಕು. ಮುಂದೆ ಹೇಳುವ ಕ್ರಮ ನ್ಯೂ ಸೌತ್ ವೇಲ್ಸ್‌ನದು; ಬೇರೆ ರಾಜ್ಯಗಳಲ್ಲಿ ಕಾಯ್ದೆ ಬೇರೆ, ಕೆಲಸ ಹೆಚ್ಚುಕಡಿಮೆ ಇದೇ.

ಮೊದಲು ಕಾಗದಪತ್ರ. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ಜಾಲತಾಣದಲ್ಲಿ ಹಳೆಯ ಪತ್ರಿಕೆಗಳೂ ಸರ್ಕಾರಿ ಗೆಜೆಟ್ಟೂ ಪುಕ್ಕಟೆ ಸಿಗುತ್ತವೆ. ‘ಕ್ಯಾರವಾನ್’ ಎಂದಷ್ಟೇ ಹುಡುಕಿದರೆ ಆರಂಭದ ವರ್ಷಗಳು ಕೈತಪ್ಪುತ್ತವೆ. ಆಗ ಇಂಥ ಜಾಗಗಳನ್ನು ‘ಕ್ಯಾಂಪಿಂಗ್ ರಿಸರ್ವ್’, ‘ಟೂರಿಸ್ಟ್ ಕ್ಯಾಂಪ್’ ಎಂದೂ ಕರೆಯುತ್ತಿದ್ದರು. ಪಾರ್ಕ್ ಕ್ರೌನ್ (ಅಂದರೆ ಸರ್ಕಾರಿ) ಜಮೀನಿನಲ್ಲಿದ್ದರೆ ಗೆಜೆಟ್‌ನಲ್ಲಿ ರಿಸರ್ವ್ ಸಂಖ್ಯೆ ಹುಡುಕಿ. ಟ್ರೋವ್‌ನ ಪತ್ರಿಕೆಗಳಲ್ಲಿ ಹೆಚ್ಚಿನವು ಹಕ್ಕುಸ್ವಾಮ್ಯದ ಕಾರಣ 1954ಕ್ಕೆ ನಿಲ್ಲುತ್ತವೆ. ಅಲ್ಲಿಂದಾಚೆಗೆ ಕೌನ್ಸಿಲ್‌ನ ನಡಾವಳಿ ಪುಸ್ತಕಗಳೇ ಗತಿ.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವಂಥದ್ದೇ: 1944ರಲ್ಲಿ ಈ ರಾಜ್ಯದಲ್ಲಿ ಸಂಬಳಸಹಿತ ಎರಡು ವಾರದ ವಾರ್ಷಿಕ ರಜೆ, 1948ರಲ್ಲಿ ದೇಶಕ್ಕೆಲ್ಲ ವಾರಕ್ಕೆ 40 ಗಂಟೆಯ ದುಡಿಮೆ, ಅದೇ ವರ್ಷ ಮೊದಲ ಹೋಲ್ಡನ್ ಕಾರು, 1950ರಲ್ಲಿ ಪೆಟ್ರೋಲ್ ಪಡಿತರದ ಅಂತ್ಯ. ಆದರೆ ಇದು ಕರಾವಳಿಯ ಎಲ್ಲ ಪಾರ್ಕುಗಳಿಗೂ ಹೊಂದುವ ಕಥೆ. ನಿಮ್ಮ ಪಾರ್ಕಿನ ಸ್ನಾನಗೃಹದ ನಕ್ಷೆ ಯಾವ ವರ್ಷದ್ದು, ವಿದ್ಯುತ್ ಕಂಬ ಯಾವಾಗ ಬಂತು ಎಂಬುದನ್ನು ಇದಕ್ಕೆ ಜೋಡಿಸದಿದ್ದರೆ ಓದುವವರು ಪುಟ ತಿರುವಿಬಿಡುತ್ತಾರೆ.

ದಶಕಕ್ಕೊಂದರಂತೆ ವೈಮಾನಿಕ ಚಿತ್ರ ತೆಗೆದುಕೊಂಡು ಇಂದಿನ ನಕ್ಷೆಯ ಮೇಲೆ ಕೂರಿಸಿ. ಯಾವ ದಾರಿ ಜರುಗಿಲ್ಲ, ಯಾವ ಸಾಲು ಅಲೆಗಳ ಪಾಲಾಯಿತು ಎಂಬುದು ಆಗ ಕಾಣುತ್ತದೆ.

ಜಾಗದಲ್ಲಿ ಅಳತೆ ಮಾಡಿ 1:500ರ ನಕ್ಷೆ ಬರೆಯಿರಿ. ಸೈಟಿಗೊಂದು ಹಾಳೆ: ಸಂಖ್ಯೆ, ಕ್ಯಾರವಾನಿನ ತಯಾರಕರು (ವೈಕೌಂಟ್, ಮಿಲಾರ್ಡ್, ಫ್ರಾಂಕ್ಲಿನ್ ಹೀಗೆ), ಪಕ್ಕಕ್ಕೆ ಕಟ್ಟಿದ ಅನೆಕ್ಸ್‌ನ ಗೋಡೆ ಮತ್ತು ನೆಲ ಯಾವುದರದ್ದು, ಬೇಲಿ ಇದೆಯೇ. ನಾಲ್ಕು ಮೂಲೆಗಳಿಂದ ನಾಲ್ಕು, ದಾರಿಯಿಂದ ಒಂದು ಫೋಟೊ. ಇಡೀ ಕೆಲಸವನ್ನು ಅಲ್ಲಿನ ಬೇಸಿಗೆಯಾದ ಜನವರಿಯಲ್ಲೊಮ್ಮೆ, ಚಳಿಗಾಲವಾದ ಜುಲೈಯಲ್ಲೊಮ್ಮೆ ಮಾಡಿ. ಚಳಿಗಾಲದ ಚಿತ್ರವಷ್ಟೇ ಇದ್ದರೆ ಪಾಳುಬಿದ್ದ ಜಾಗದಂತೆ ಕಾಣುತ್ತದೆ. ಬಳಕೆಯೇ ಮೌಲ್ಯವಾಗಿರುವಲ್ಲಿ ಅದು ದೊಡ್ಡ ನಷ್ಟ.

ಹಳೆಯ ಅನೆಕ್ಸ್ ಮತ್ತು ಸ್ನಾನಗೃಹಗಳ ಫೈಬ್ರೊ (ನಾರು ಬೆರೆಸಿದ ಸಿಮೆಂಟ್) ಹಾಳೆಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಂಭವ ಹೆಚ್ಚು. ಆಸ್ಟ್ರೇಲಿಯಾ ಅದನ್ನು ಪೂರ್ತಿ ನಿಷೇಧಿಸಿದ್ದು 2003ರ ಡಿಸೆಂಬರ್ 31ರಿಂದ. ‘ಒಳಗೇನಿದೆ ನೋಡೋಣ’ ಎಂದು ತೂತು ಕೊರೆಯುವುದು, ಉಜ್ಜುವುದು, ಜೋರು ನೀರಲ್ಲಿ ತೊಳೆಯುವುದು ಬೇಡ. ಮರಳಲ್ಲಿ ಚಿಪ್ಪಿನ ರಾಶಿ ಕಂಡರೆ ಅಗೆಯಬೇಡಿ: ಅದು ಮೂಲನಿವಾಸಿಗಳ ತಾಣವಾಗಿರಬಹುದು, ಅವರ ವಸ್ತುಗಳಿಗೆ ರಾಜ್ಯದ 1974ರ ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.

ಮರಗಳ ಕಾಂಡದ ಸುತ್ತಳತೆಯನ್ನು ನೆಲದಿಂದ 1.4 ಮೀಟರ್ ಎತ್ತರದಲ್ಲಿ ತೆಗೆಯಿರಿ. ಸಾಲಾಗಿ ನೆಟ್ಟ ನಾರ್ಫೋಕ್ ಪೈನ್ ಪಾರ್ಕಿನ ಮೂಲ ವಿನ್ಯಾಸವನ್ನು ಹೇಳುತ್ತದೆ. ಗಾತ್ರ ನೋಡಿಯೇ ವಯಸ್ಸು ಹೇಳಲು ಹೋಗಬೇಡಿ. ಸಿಡ್ನಿಯ ಕಡಲತೀರಗಳಲ್ಲಿ ಚರಂಡಿ ನೀರಿನ ಡಿಟರ್ಜೆಂಟ್ ಎಲೆಯ ಮೇಣವನ್ನು ಕರಗಿಸಿ, ಉಪ್ಪುಗಾಳಿ ತಗುಲಿ ಎಷ್ಟೋ ಪೈನ್‌ಗಳು ಸೊರಗಿದವು. ಸಣ್ಣದಾಗಿ ಕಂಡದ್ದು ಎಳೆಯದೇ ಆಗಬೇಕಿಲ್ಲ.

ಸಂದರ್ಶನವನ್ನು ಕುರ್ಚಿಯಲ್ಲಿ ಕೂರಿಸಿ ಮಾಡುವುದಕ್ಕಿಂತ ಪಾರ್ಕಿನಲ್ಲಿ ನಡೆಯುತ್ತಾ ಮಾಡುವುದು ವಾಸಿ. ನಲ್ಲಿಯ ಬಳಿ ಬಂದರೆ ನೀರಿಗೆ ಸಾಲು ನಿಂತದ್ದು ನೆನಪಾಗುತ್ತದೆ. ಒಪ್ಪಿಗೆಪತ್ರಕ್ಕೆ ಮೊದಲೇ ಸಹಿ ಇರಲಿ, ಮೈಕಿಗೆ ಗಾಳಿತಡೆ ಇರಲಿ. ಅದಿಲ್ಲದೆ ಕಡಲಗಾಳಿಯಲ್ಲಿ ಮಾಡಿದ ಧ್ವನಿಮುದ್ರಣ ಕೇಳಲಾಗದು.

ಇನ್ನು ಮೌಲ್ಯದ ಹೇಳಿಕೆ. ಪಾರಂಪರಿಕ ತಾಣಗಳ ಸಂರಕ್ಷಣೆಗೆ ಆಸ್ಟ್ರೇಲಿಯಾದಲ್ಲಿ ಅನುಸರಿಸುವ ಬರ್ರಾ ಸನ್ನದು (1979, ಈಗಿನ ರೂಪ 2013ರದು) ಕಟ್ಟಡದ ಜೊತೆಗೆ ಬಳಕೆಯನ್ನೂ ಜನರ ನಂಟನ್ನೂ ಮೌಲ್ಯವೆಂದೇ ಪರಿಗಣಿಸುತ್ತದೆ. ಪಾರಂಪರಿಕ ಮೌಲ್ಯ ಅಳೆಯುವ ರಾಜ್ಯದ ಏಳು ಮಾನದಂಡಗಳಲ್ಲಿ ಎಲ್ಲಕ್ಕೂ ಏನಾದರೊಂದು ತುಂಬುವ ಚಪಲ ಬಿಡಿ. ಹೆಚ್ಚಿನ ಪಾರ್ಕುಗಳಿಗೆ ಐತಿಹಾಸಿಕ ಮತ್ತು ಸಾಮಾಜಿಕ ಮಾನದಂಡಗಳು ಗಟ್ಟಿ, ಸೌಂದರ್ಯದ್ದು ದುರ್ಬಲ. ‘ತಲೆಮಾರುಗಳ ಪ್ರೀತಿಯ ತಾಣ’ ಎಂಬ ಮಾತು ಸಾಕ್ಷ್ಯವಲ್ಲ. ಸೈಟು ಯಾರಿಂದ ಯಾರ ಕೈಗೆ ದಾಟಿತು ಎಂಬ ಪಟ್ಟಿ ಸಾಕ್ಷ್ಯ. ತಗಡು, ಫೈಬ್ರೊಗಳ ಸಾಧಾರಣ ಬಿಡಾರವೆಂದು ಹಿಂಜರಿಯಬೇಕಿಲ್ಲ: ರಾಯಲ್ ನ್ಯಾಷನಲ್ ಪಾರ್ಕಿನ ಕರಾವಳಿಯ ಗುಡಿಸಲುಗಳು 2012ರಲ್ಲಿ ರಾಜ್ಯದ ಪಾರಂಪರಿಕ ಪಟ್ಟಿ ಸೇರಿವೆ. ಗಡಿ ಗುರುತಿಸುವಾಗ ಬೇಲಿಗೆ ನಿಲ್ಲದೆ, ಕಡಲಿಗಿಳಿಯುವ ಕಾಲುದಾರಿಯನ್ನೂ ದೋಣಿ ಇಳಿಸುವ ಜಾಗವನ್ನೂ ಸೇರಿಸಿ.

ತೆರವಿನ ನೋಟಿಸ್ ಬಂದ ಮೇಲೆ ಶುರು ಮಾಡಿದರೆ ಸಮಯ ಸಾಲದು. ತೀರಾ ತುರ್ತಾದರೆ ತಾತ್ಕಾಲಿಕ ರಕ್ಷಣೆ ಕೊಡುವ ಮಧ್ಯಂತರ ಪಾರಂಪರಿಕ ಆದೇಶ ಕೇಳಬಹುದು. ಅದರ ಆಯುಸ್ಸು ಹೆಚ್ಚೆಂದರೆ 12 ತಿಂಗಳು. ಪಟ್ಟಿಗೆ ಸೇರಿದ ಮಾತ್ರಕ್ಕೆ ಸೈಟಿನ ಬಾಡಿಗೆ ಏರದೆ ಇರುವುದಿಲ್ಲ, ಯಾರಿಗೂ ಸೈಟು ಖಾಯಂ ಆಗುವುದಿಲ್ಲ. ಅವೆಲ್ಲ ಮಾಲೀಕರೊಂದಿಗಿನ ಒಪ್ಪಂದಕ್ಕೆ ಬಿಟ್ಟದ್ದು. ಸಹಿ ಸಂಗ್ರಹಿಸುವ ಮುಂಚೆಯೇ ಇದನ್ನು ಅಲ್ಲಿನ ಕುಟುಂಬಗಳಿಗೆ ತಿಳಿಸಿಬಿಡಿ.